ಗೋಪಾಲಕೃಷ್ಣ ಗೋಖಲೆಯವರೂ ಸಾರ್ವಜನಿಕ ಸಂಸ್ಥೆಗಳೂ

ಯಾವ ದೇಶದಲ್ಲಿಯೇ ಆಗಲಿ, ಆಳುವವರು ಮತ್ತು ಆಳಿಸಿಕೊಳ್ಳುವವರು ಎಂಬ ಎರಡು ವರ್ಗಗಳು ಮಾತ್ರ ಇದ್ದರೆ ರಾಜ್ಯಭಾರವು ಸುಸೂತ್ರವಾಗಿ ನಡೆಯಲಾರದು. ಅವೆರಡರ ನಡುವೆ ಅಧಿಕಾರವನ್ನು ಬಯಸದ, ಲಾಭವನ್ನು ಎಣಿಸದ, ಲೋಕಹಿತವನ್ನು ಮಾತ್ರ ಬಿಡದೆ ಚಿಂತಿಸುವ ಜನರ ಕೂಟಗಳು ಬೇಕಾಗುತ್ತವೆ. ನಮ್ಮ ವಾಚಕರಲ್ಲಿ ಅನೇಕರು ಶಾಲೆ, ಉಚಿತ ವಸತಿಗೃಹ, ಸಹಕಾರಿ ಸಂಘ ಮುಂತಾದವುಗಳ ಆಡಳಿತದಲ್ಲಿ ಕೈಗೂಡಿಸಿದವರಾದುದರಿಂದ ಅಂತಹ ಕೂಟಗಳ ಹಣಕಾಸಿನ ಕಷ್ಟವೂ ಒಳಜಗಳದ ಕಹಿಯೂ ಅವರಿಗೆ ಹೊಸದಲ್ಲ. ಆದರೆ ಇಂತಹ ಖಾಸಗಿ ಕೂಟವೊಂದು ಸರಕಾರದ ಕಾನೂನನ್ನು ಮಾಡಿಸುವುದಕ್ಕೂ ತಿದ್ದಿಸುವುದಕ್ಕೂ ಸಮರ್ಥವಾಗಬಲ್ಲುದೆ? ಜನರು ಆರಿಸಿ ಕಳುಹಿಸದವರಿಗೆ ಜನರ ಪರವಾಗಿ ಮಾತನಾಡುವ ಹಕ್ಕು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗಳಿಗೆ ತಮ್ಮ ಆಯುಷ್ಯವನ್ನೇ ಉತ್ತರವಾಗಿ ತೆತ್ತ ಮಹನೀಯರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಅಗ್ರಗಣ್ಯರು.

ಗೋಖಲೆಯವರು 1866ನೆಯ ಇಸವಿಯ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕೃಷ್ಣರಾಯರು ಕೊಲ್ಲಾಪುರದ ಸಮೀಪದ ಕಾಗಲ ಸಂಸ್ಥಾನದಲ್ಲಿ ಸಣ್ಣ ನೌಕರಿಯಲ್ಲಿದ್ದರು. 1879ರಲ್ಲಿ ತಂದೆಯು ತೀರಿಕೊಂಡಾಗ ಬಾಲಕನಿಗೆ ಹದಿಮೂರು ವರ್ಷ. ಅಣ್ಣ ಗೋವಿಂದರಾಯರು ತಮ್ಮ ಓದನ್ನು ನಿಲ್ಲಿಸಿ ತಿಂಗಳಿಗೆ 15 ರೂಪಾಯಿಯ ಕೆಲಸಕ್ಕೆ ಸೇರಿದರು. ಅದರಲ್ಲಿ 8 ರೂಪಾಯಿಗಳನ್ನು ತಮ್ಮನ ವಿದ್ಯೆಗಾಗಿ ಕಳುಹಿಸುತ್ತಿದ್ದರು. ಮುಂದೆ ಕಾಲೇಜಿನ ಖರ್ಚಿನ ಪ್ರಶ್ನೆ ಬಂದಾಗ ಅತ್ತಿಗೆಯು ತನ್ನ ಒಡವೆಗಳನ್ನು ಮಾರಿಸಿದಳು. ರಾತ್ರಿಯ ದೀಪದ ಎಣ್ಣೆಯನ್ನು ಉಳಿಸಲು ಹುಡುಗನು ಬೀದಿಯ ದೀಪದ ಕೆಳಗೆ ಓದುತ್ತಿದ್ದನೆಂದು ಹೇಳುತ್ತಾರೆ. ಒಂದು ಮನೆಯ ಹೊಟ್ಟೆ ಕಟ್ಟಿದ ವಿದ್ಯೆ ಅದು. ಪ್ರಾಥಮಿಕ ಶಿಕ್ಷಣಕ್ಕಾಗಿ ಅವರು ಮುಂದೆ ತೋರಿದ ಹಟದ ಬೇರು ಇಲ್ಲಿಯೇ ಇರಬೇಕು. 1884ರಲ್ಲಿ ಅವರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದರು.

ಆ ಕಾಲದಲ್ಲಿ ಪದವೀಧರನೆಂದರೆ ಸರಕಾರಿ ಕಚೇರಿಯ ಬಾಗಿಲು ತಾನಾಗಿ ತೆರೆಯುತ್ತಿತ್ತು. ಗೋಖಲೆಯವರು ಅತ್ತ ಹೋಗಲಿಲ್ಲ. ಪುಣೆಯಲ್ಲಿ ಆಗತಾನೆ ಹುಟ್ಟಿದ್ದ ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯನ್ನು ಸೇರಿ, ತಿಂಗಳಿಗೆ 75 ರೂಪಾಯಿಗಳಿಗೆ ಮೀರದ ಸಂಬಳದ ಮೇಲೆ ಇಪ್ಪತ್ತು ವರ್ಷ ಸೇವೆ ಸಲ್ಲಿಸುವ ಆಜೀವ ಸದಸ್ಯರ ಪ್ರತಿಜ್ಞೆಯನ್ನು ಸ್ವೀಕರಿಸಿದರು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರಗಳನ್ನು ಕಲಿಸಿದರು. ಸಂಸ್ಥೆಯ ಕಾರ್ಯದರ್ಶಿಯಾಗಿ ಕಟ್ಟಡದ ನಿಧಿಗಾಗಿ ಊರೂರು ತಿರುಗಿದರು. ಜೋಳಿಗೆಯನ್ನು ಹಿಡಿದು ಪರರ ಬಾಗಿಲಲ್ಲಿ ನಿಂತವನಿಗೆ ಮಾತ್ರ ತಿಳಿಯುವ ಕೆಲವು ಪಾಠಗಳಿವೆ. ಗೋಖಲೆಯವರ ನಯವೂ ತಾಳ್ಮೆಯೂ ಅಲ್ಲಿ ಪಕ್ವವಾದವೆಂದು ತೋರುತ್ತದೆ.

ಅವರ ನಿಜವಾದ ಶಿಕ್ಷಣವು ನಡೆದುದು ಪುಣೆಯ ಸಾರ್ವಜನಿಕ ಸಭೆಯಲ್ಲಿ, ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಕೈಕೆಳಗೆ. ಈ ಸಭೆಯ ಹುಟ್ಟು ಕುತೂಹಲಕರವಾಗಿದೆ. ಪರ್ವತಿ ದೇವಸ್ಥಾನದ ಆಡಳಿತದಲ್ಲಿ ಅವ್ಯವಸ್ಥೆಯಾಗಿದೆಯೆಂದು ಅಸಮಾಧಾನಗೊಂಡ ಪುಣೆಯ ನಾಗರಿಕರು ಕೂಡಿಕೊಂಡುದೇ ಅದಕ್ಕೆ ಮೂಲ. 1870ರ ಏಪ್ರಿಲ್ 2ರಂದು ಗಣೇಶ ವಾಸುದೇವ ಜೋಶಿಯವರ ನೇತೃತ್ವದಲ್ಲಿ ಸಭೆಯು ಸ್ಥಾಪಿತವಾಯಿತು. ಸಾರ್ವಜನಿಕ ಕಾಕಾ ಎಂಬ ಹೆಸರೇ ಜೋಶಿಯವರಿಗೆ ನಿಂತುಹೋಯಿತು. ಈ ಸಭೆಯ ನಿಯಮಗಳಲ್ಲಿ ಒಂದನ್ನು ವಾಚಕರು ವಿಶೇಷವಾಗಿ ಲಕ್ಷಿಸಬೇಕು. ಸಭೆಯ ಸದಸ್ಯನಾಗಬೇಕಾದವನು ಕನಿಷ್ಠ 50 ಜನರ ಸಹಿಯುಳ್ಳ ಮುಖತ್ಯಾರನಾಮೆಯನ್ನು ತರಬೇಕಾಗಿತ್ತು. ಹಾಗೆ ಬಂದ ಮೊದಲ 95 ಮಂದಿ ಸದಸ್ಯರು ಸುಮಾರು 6000 ಜನರ ಪರವಾಗಿ ಕುಳಿತರು. ಮತದಾನವೆಂಬ ಶಬ್ದವೇ ನಮ್ಮ ಜನರ ಕಿವಿಗೆ ಬೀಳದ ಕಾಲದಲ್ಲಿ, ಯಾವ ಕಾನೂನಿನ ಬಲವಂತವೂ ಇಲ್ಲದೆ, ಒಂದು ಖಾಸಗಿ ಸಂಸ್ಥೆಯು ಪ್ರಾತಿನಿಧ್ಯದ ಭಾರವನ್ನು ತಾನಾಗಿಯೇ ತಲೆಯ ಮೇಲೆ ಹೊತ್ತುಕೊಂಡಿತು. ಇಂದು ಜನರ ಹೆಸರಿನಲ್ಲಿ ಪತ್ರಿಕಾ ಹೇಳಿಕೆ ಕೊಡುವ ಸಂಘಗಳಲ್ಲಿ ಎಷ್ಟು ಈ ಪರೀಕ್ಷೆಯಲ್ಲಿ ಉಳಿದಾವು ಎಂದು ಕೇಳುವ ಮನಸ್ಸಾಗುತ್ತದೆ.

1876ರಿಂದ 78ರವರೆಗೆ ಬಿದ್ದ ಘೋರ ಕ್ಷಾಮದಲ್ಲಿ ಸಭೆಯು ಹಳ್ಳಿಗಳಿಗೆ ತನ್ನ ಜನರನ್ನು ಕಳುಹಿಸಿ, ಬೆಳೆಯ ಸ್ಥಿತಿಯನ್ನೂ ಜನರ ಹಸಿವನ್ನೂ ಕಣ್ಣಾರೆ ಕಂಡು ಸರಕಾರಕ್ಕೆ ವರದಿಗಳನ್ನು ಒಪ್ಪಿಸಿತು. ದೂರುವುದಕ್ಕೆ ಮುಂಚೆ ಅಳೆಯಬೇಕು, ಎಣಿಸಬೇಕು ಎಂಬುದು ರಾನಡೆಯವರ ಪದ್ಧತಿ. 1890ರಲ್ಲಿ ಗೋಖಲೆಯವರು ಸಭೆಯ ಕಾರ್ಯದರ್ಶಿಗಳೂ ಅದರ ತ್ರೈಮಾಸಿಕದ ಸಂಪಾದಕರೂ ಆದರು. ಇಪ್ಪತ್ತನಾಲ್ಕು ವರ್ಷದ ಈ ತರುಣನನ್ನು ರಾನಡೆಯವರು ಸರಕಾರಿ ವರದಿಗಳ ರಾಶಿಯಲ್ಲಿ ಕೂರಿಸಿದರು. ಬರೆದುದನ್ನು ಒಪ್ಪದೆ ತಿರುಗಿ ಬರೆಯಿಸಿದರು. ಒಂದು ಅಂಕಿಯು ಸಂಶಯವೆನಿಸಿದರೆ ಮೂಲವನ್ನು ಹುಡುಕಿಸಿದರು. ಒಮ್ಮೆ ಬಹು ಶ್ರಮದಿಂದ ಸಿದ್ಧಪಡಿಸಿದ ಮನವಿಯೊಂದಕ್ಕೆ ಸರಕಾರದಿಂದ ಒಂದೆರಡು ಸಾಲಿನ ಒಣ ಉತ್ತರವು ಬಂದಿತು. ಮನನೊಂದ ಗೋಖಲೆಯವರು ಈ ಶ್ರಮಕ್ಕೆಲ್ಲ ಫಲವೇನೆಂದು ಗುರುವನ್ನು ಕೇಳಿದರು. ಮನವಿಯ ಮೇಲಿನ ವಿಳಾಸವು ಸರಕಾರದ್ದಾದರೂ ಅದನ್ನು ನಿಜವಾಗಿ ಬರೆದಿರುವುದು ಜನರಿಗಾಗಿ, ತಮ್ಮ ಸಂಗತಿಗಳನ್ನು ತಾವೇ ವಿಚಾರಮಾಡುವ ಅಭ್ಯಾಸವು ಅವರಲ್ಲಿ ಬೇರೂರಬೇಕಾದರೆ ಫಲಾಪೇಕ್ಷೆಯಿಲ್ಲದೆ ಬಹುವರ್ಷ ಈ ಕೆಲಸವು ನಡೆಯಬೇಕು ಎಂಬ ಅರ್ಥದ ಸಮಾಧಾನವನ್ನು ರಾನಡೆಯವರು ಹೇಳಿದರು. ಗೋಖಲೆಯವರು ಇದನ್ನು ಕೊನೆಯವರೆಗೂ ಮರೆಯಲಿಲ್ಲ.

ಆದರೆ ಒಳಜಗಳವು ಆ ಸಭೆಯನ್ನೂ ಬಿಡಲಿಲ್ಲ. ಸಮಾಜ ಸುಧಾರಣೆಯ ವಿಷಯದಲ್ಲಿ ರಾನಡೆಯವರಿಗೂ ಲೋಕಮಾನ್ಯ ತಿಲಕರಿಗೂ ಇದ್ದ ಭಿನ್ನಾಭಿಪ್ರಾಯವು ಬೆಳೆದು, 1895ರಲ್ಲಿ ಸಾರ್ವಜನಿಕ ಸಭೆಯು ತಿಲಕರ ಪಕ್ಷದ ಕೈಸೇರಿತು. ಮರುವರ್ಷ ರಾನಡೆ ಮತ್ತು ಗೋಖಲೆಯವರು ಡೆಕ್ಕನ್ ಸಭೆ ಎಂಬ ಬೇರೊಂದು ಸಂಸ್ಥೆಯನ್ನು ಕಟ್ಟಿಕೊಂಡರು. ಹಳೆಯ ಸಭೆಯ ಗತಿಯಾದರೂ ಏನಾಯಿತು? 1896ರ ಬರದಲ್ಲಿ ತಿಲಕರ ಪ್ರಚಾರಕರು ಹಳ್ಳಿಹಳ್ಳಿಗೆ ಹೋಗಿ, ಸರಕಾರದ್ದೇ ಆದ ಕ್ಷಾಮ ನಿಯಮಾವಳಿಯಲ್ಲಿ ರೈತನಿಗೆ ಯಾವ ರಿಯಾಯಿತಿಗಳಿವೆಯೆಂಬುದನ್ನು ತಿಳಿಸಿಕೊಟ್ಟರು. ಇದನ್ನು ಸಹಿಸದ ಮುಂಬಯಿ ಸರಕಾರವು 1897ರಲ್ಲಿ, ರಾಜ್ಯನೀತಿಯ ಪ್ರಶ್ನೆಗಳ ಬಗ್ಗೆ ಸರಕಾರದೊಡನೆ ವ್ಯವಹರಿಸುವ ಮಾನ್ಯತೆಯು ಇನ್ನು ಮುಂದೆ ಆ ಸಭೆಗೆ ಇಲ್ಲವೆಂದು ಸಾರಿಬಿಟ್ಟಿತು. ಸರಕಾರವೇ ಅಚ್ಚುಮಾಡಿದ ನಿಯಮವನ್ನು ರೈತನಿಗೆ ಓದಿ ಹೇಳಿದುದು ಅಪರಾಧವಾಯಿತು! ಆಳುವವರು ಒಪ್ಪುವವರೆಗೆ ಮಾತ್ರ ಸಂಸ್ಥೆಗೆ ಬಾಯಿಯಿದೆ ಎಂದಾದರೆ ಅದರ ಬಾಳ್ವೆಯು ಎಷ್ಟು ದಿನದ್ದು? ಗೋಖಲೆಯವರು ಎದುರು ಪಕ್ಷದವರಾಗಿದ್ದರೂ ಈ ಪ್ರಶ್ನೆಯಿಂದ ಅವರಿಗೂ ಬಿಡುಗಡೆಯಿರಲಿಲ್ಲ.

ಅದೇ 1897ರಲ್ಲಿ ಡೆಕ್ಕನ್ ಸಭೆಯ ಪರವಾಗಿ ಅವರು ಇಂಗ್ಲೆಂಡಿಗೆ ಹೋಗಿ, ಭಾರತದ ಆದಾಯ ವೆಚ್ಚಗಳನ್ನು ಪರಿಶೀಲಿಸುತ್ತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿದರು. ಮೂವತ್ತೊಂದು ತುಂಬದ ಪ್ರಾಯ. ಪರಿಣತರ ಪಾಟಿಸವಾಲನ್ನು ಅಂಕಿಸಂಖ್ಯೆಗಳ ಬಲದಿಂದ ಎದುರಿಸಿ ನಿಂತರು. ಆದರೆ ಆ ಪ್ರವಾಸದ ಕೀರ್ತಿಯ ಹಿಂದೆಯೇ ಒಂದು ಆಪತ್ತು ಬಂದಿತು. ಪುಣೆಯಲ್ಲಿ ಪ್ಲೇಗು ಹಬ್ಬಿ, ಸೈನಿಕರು ಮನೆ ಹೊಕ್ಕು ಶೋಧಿಸುತ್ತಿದ್ದರು. ಸೈನಿಕರಿಂದ ಇಬ್ಬರು ಸ್ತ್ರೀಯರಿಗೆ ಅತ್ಯಾಚಾರವಾಯಿತೆಂದು ಊರಿನಿಂದ ಬಂದ ಪತ್ರಗಳನ್ನು ನಂಬಿ ಗೋಖಲೆಯವರು ಅದನ್ನು ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟಿಸಿದರು. ಜೂನ್ 22ರಂದು ಪ್ಲೇಗು ಅಧಿಕಾರಿ ರಾಂಡನ ಮೇಲೆ ಗುಂಡು ಹಾರಿತು. ಊರೆಲ್ಲ ಭಯದಿಂದ ನಡುಗುತ್ತಿತ್ತು. ಅವರು ಮರಳಿ ಬಂದಾಗ, ಪತ್ರ ಬರೆದವರು ತಮ್ಮ ಹೆಸರನ್ನು ಹೊರಗೆಡಹಬಾರದೆಂದು ಬೇಡಿಕೊಂಡರು. ರುಜುವಾತು ಕೈಯಲ್ಲಿಲ್ಲ, ಹೆಸರುಗಳನ್ನು ಒಪ್ಪಿಸುವುದು ಧರ್ಮವಲ್ಲ. ಗೋಖಲೆಯವರು ತಮ್ಮ ಆರೋಪವನ್ನು ಹಿಂತೆಗೆದುಕೊಂಡು ಬಹಿರಂಗವಾಗಿ ಕ್ಷಮೆ ಬೇಡಿದರು. ಸ್ವಜನರು ಹೇಡಿಯೆಂದರು, ಆಂಗ್ಲರು ಸುಳ್ಳುಗಾರನೆಂದರು. ಈ ಕ್ಷಮಾಪಣೆಯು ಅತಿಯಾಯಿತೆಂದು ಈಗಲೂ ಹೇಳುವವರುಂಟು. ಆದರೆ ಲೋಕದ ಪರವಾಗಿ ಮಾತನಾಡುವವನ ಏಕೈಕ ಬಂಡವಾಳವೆಂದರೆ ಅವನ ಮಾತಿನ ನಂಬಿಕೆ. ರುಜುವಾತಿಲ್ಲದ ಮಾತನ್ನು ಹಟದಿಂದ ಹಿಡಿದುಕೊಂಡಿದ್ದರೆ ಮುಂದೆ ಅವರು ಹೇಳಿದ ಅಂಕಿಗಳನ್ನು ಯಾರು ನಂಬುತ್ತಿದ್ದರು? ಮುಂದಿನ ಪ್ಲೇಗಿನ ಕಾಲದಲ್ಲಿ ಅವರು ಸ್ವಯಂಸೇವಕರೊಡನೆ ರೋಗಿಗಳ ಮನೆಮನೆಗೆ ತಿರುಗಿದರು.

ತರುವಾಯ ಅವರು ಮುಂಬಯಿ ಶಾಸನಸಭೆಯನ್ನು ಪ್ರವೇಶಿಸಿದರು. ಅಲ್ಲಿ 1901ರಲ್ಲಿ ಬಂದ ಭೂಕಂದಾಯ ತಿದ್ದುಪಡಿಯ ಮಸೂದೆಯು ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ರೈತರಿಗೂ ಸಂಬಂಧಿಸಿದುದಾಗಿತ್ತು. ಕಂದಾಯ ಬಾಕಿಗಾಗಿ ಮುಟ್ಟುಗೋಲಾದ ಭೂಮಿಯನ್ನು ಪರಭಾರೆಯ ಹಕ್ಕಿಲ್ಲದಂತೆ ತಿರುಗಿ ಕೊಡುವುದು ಅದರ ಉದ್ದೇಶ. ಬರದಿಂದ ಬೆಂದ ರೈತನ ಪತ್ತು ಇದರಿಂದ ನಾಶವಾಗುವುದೆಂದು ಗೋಖಲೆಯವರು ವಾದಿಸಿದರು. ಮಾತಿಗೆ ಬೆಲೆ ಬಾರದಾಗ ಫಿರೋಜಶಹಾ ಮೆಹತಾ ಮುಂತಾದವರೊಡನೆ ಸಭೆಯಿಂದ ಹೊರನಡೆದರು. ಮಿತವಾದಿಯೆಂದು ಹೆಸರಾದ ಮನುಷ್ಯನು ಹೀಗೆ ಎದ್ದು ಬಂದುದನ್ನು ಅವರ ಟೀಕಾಕಾರರು ಸಾಮಾನ್ಯವಾಗಿ ಹೇಳುವುದಿಲ್ಲ.

1902ರಲ್ಲಿ ಅವರು ಕಾಲೇಜನ್ನು ಬಿಟ್ಟು ವೈಸರಾಯರ ಶಾಸನಸಭೆಗೆ ಹೋದರು. ಮಾರ್ಚ್ 26ರಂದು ಮಾಡಿದ ಮೊದಲನೆಯ ಆಯವ್ಯಯ ಭಾಷಣವು ಪ್ರಸಿದ್ಧವಾಗಿದೆ. ಏಳು ಕೋಟಿ ರೂಪಾಯಿಗಳ ಉಳಿತಾಯವನ್ನು ಸರಕಾರವು ಸಮೃದ್ಧಿಯ ಗುರುತೆಂದು ತೋರಿಸಿದಾಗ, ಕ್ಷಾಮ ಪ್ಲೇಗುಗಳಿಂದ ನರಳುವ ಜನರಿಂದ ಬೇಕಾದುದಕ್ಕಿಂತ ಹೆಚ್ಚು ತೆರಿಗೆಯನ್ನು ಕಿತ್ತುದರ ಗುರುತು ಅದೆಂದು ಅವರು ಲೆಕ್ಕ ಹಾಕಿ ತೋರಿಸಿದರು. ಉಪ್ಪಿನ ತೆರಿಗೆಯು ಆಗ ಮಣಕ್ಕೆ ಎರಡೂವರೆ ರೂಪಾಯಿ ಇತ್ತು. ವರ್ಷವರ್ಷವೂ ಅದನ್ನೇ ಎತ್ತಿ ಆಡಿದರು. 1903ರಲ್ಲಿ ಅದು ಎರಡು ರೂಪಾಯಿಗೂ, 1905ರಲ್ಲಿ ಒಂದೂವರೆಗೂ, 1907ರಲ್ಲಿ ಒಂದು ರೂಪಾಯಿಗೂ ಇಳಿಯಿತು. ಇಳಿಕೆಗೆ ಅವರೊಬ್ಬರೇ ಕಾರಣರೆನ್ನಲಾಗದು. ಆದರೂ ಬಡವನ ಗಂಜಿಯ ಉಪ್ಪನ್ನು ಆ ಸಭೆಯಲ್ಲಿ ಅವರಷ್ಟು ಬಿಡದೆ ನೆನಪಿಸಿದವರು ಮತ್ತಾರೂ ಇರಲಿಲ್ಲ.

ಇಷ್ಟಾದರೂ ಗೋಖಲೆಯವರಿಗೆ ಸಮಾಧಾನವಿರಲಿಲ್ಲ. ಒಬ್ಬನ ಗಂಟಲು ಎಷ್ಟು ದಿನ ಬಾಳೀತು? ದೇಶದ ಸಂಗತಿಗಳನ್ನು ಶಾಸ್ತ್ರದಂತೆ ಅಭ್ಯಾಸಮಾಡಿ, ಸ್ವಂತದ ಗಳಿಕೆಯನ್ನು ತೊರೆದು, ಜೀವಮಾನವನ್ನೇ ಸಲ್ಲಿಸುವ ಜನರ ಪರಂಪರೆಯೊಂದು ಬೇಕು. ಈ ಹಂಬಲದಿಂದ 1905ರ ಜೂನ್ 12ರಂದು ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಮೊದಲು ಜೊತೆಗೂಡಿದವರು ಮೂವರೇ: ನಟೇಶ ಅಪ್ಪಾಜಿ ದ್ರವಿಡ, ಗೋಪಾಲಕೃಷ್ಣ ದೇವಧರ, ಅನಂತ ವಿನಾಯಕ ಪಟವರ್ಧನ. ಸೇರುವವನು ಏಳು ಪ್ರತಿಜ್ಞೆಗಳನ್ನು ಮಾಡಬೇಕಾಗಿತ್ತು. ದೇಶಕ್ಕೆ ಮನಸ್ಸಿನಲ್ಲಿ ಮೊದಲ ಸ್ಥಾನ, ಸ್ವಲಾಭದ ತ್ಯಾಗ, ಜಾತಿಮತಗಳ ಭೇದವಿಲ್ಲದೆ ಎಲ್ಲ ಭಾರತೀಯರಲ್ಲಿ ಸೋದರಭಾವ, ಸಮಾಜವು ಕೊಟ್ಟುದರಲ್ಲಿ ತೃಪ್ತಿ, ಶುದ್ಧ ನಡತೆ, ಯಾರೊಡನೆಯೂ ವೈಯಕ್ತಿಕ ಕಲಹ ಮಾಡದಿರುವುದು, ಸಮಾಜದ ಹಿತವನ್ನು ಕಾಯುವುದು. ಐದು ವರ್ಷ ಶಿಕ್ಷಣ. ಆ ಅವಧಿಯಲ್ಲಿ ಅನುಮತಿಯಿಲ್ಲದೆ ಸಭೆಯಲ್ಲಿ ಮಾತನಾಡುವಂತಿಲ್ಲ, ಪತ್ರಿಕೆಗೆ ಬರೆಯುವಂತಿಲ್ಲ. ಐದು ವರ್ಷ ಬಾಯಿ ಕಟ್ಟಿ ಓದಿದ ಮೇಲೆ ಒಂದು ಮಾತು! ಲೌಕಿಕ ಕಾರ್ಯಕ್ಕೆ ಸಂನ್ಯಾಸಿಯ ಕಟ್ಟುನಿಟ್ಟನ್ನು ತರಬೇಕೆಂಬುದು ಅವರ ಆಶಯವಾಗಿತ್ತು. ಸಮಾಜವು ಎಂದೂ ದೊಡ್ಡದಾಗಿ ಬೆಳೆಯಲಿಲ್ಲ. ಬಂದವರು ಬಹುಮಟ್ಟಿಗೆ ಇಂಗ್ಲಿಷು ಕಲಿತ ಮೇಲ್ವರ್ಗದವರೇ ಆದರೆಂಬ ಮಾತೂ ಸುಳ್ಳಲ್ಲ.

ಗೋಖಲೆಯವರ ಹೃದಯಕ್ಕೆ ಅತ್ಯಂತ ಹತ್ತಿರವಾಗಿದ್ದುದು ಪ್ರಾಥಮಿಕ ಶಿಕ್ಷಣದ ಕಾನೂನು. 1911ರ ಜನಗಣತಿಯಂತೆ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಆರು ಮಂದಿಯೂ ಇರಲಿಲ್ಲ. ಬಡೋದೆಯ ಸಯಾಜಿರಾವ ಮಹಾರಾಜರು 1906ರಲ್ಲಿ ತಮ್ಮ ಸಂಸ್ಥಾನದಲ್ಲೆಲ್ಲ ಶಿಕ್ಷಣವನ್ನು ಕಡ್ಡಾಯ ಮಾಡಿದ್ದರು. ಒಂದು ದೇಶೀ ಸಂಸ್ಥಾನಕ್ಕೆ ಸಾಧ್ಯವಾದುದು ಚಕ್ರಾಧಿಪತ್ಯಕ್ಕೆ ಏಕೆ ಅಸಾಧ್ಯ? 1910ರಲ್ಲಿ ಅವರು ಈ ಬಗ್ಗೆ ಠರಾವನ್ನು ತಂದರು. ಅದೇ ವರ್ಷ ಸರಕಾರವು ಪ್ರತ್ಯೇಕ ಶಿಕ್ಷಣ ಇಲಾಖೆಯನ್ನು ತೆರೆಯಿತು. 1911ರ ಮಾರ್ಚ್ 16ರಂದು ಮಸೂದೆಯನ್ನು ಮಂಡಿಸಿದರು. ಅದು ಎಷ್ಟು ಮಿತವಾದುದೆಂದರೆ ಇಂದು ಓದುವವರಿಗೆ ಆಶ್ಚರ್ಯವಾದೀತು. ಆಗಲೇ ತಕ್ಕಮಟ್ಟಿಗೆ ಮಕ್ಕಳು ಶಾಲೆಗೆ ಹೋಗುತ್ತಿರುವ ಊರುಗಳಲ್ಲಿ, ಪುರಸಭೆ ಅಥವಾ ಜಿಲ್ಲಾ ಮಂಡಳಿಯು ಬಯಸಿದರೆ, ಸರಕಾರದ ಒಪ್ಪಿಗೆ ಪಡೆದು, ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ನಾಲ್ಕು ವರ್ಷದ ಶಿಕ್ಷಣವನ್ನು ಕಡ್ಡಾಯ ಮಾಡಬಹುದು. ಹೆಣ್ಣುಮಕ್ಕಳಿಗೆ ಮುಂದೆ ವಿಸ್ತರಿಸಬಹುದು. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ವರಮಾನದವರಿಂದ ಶುಲ್ಕವನ್ನು ತೆಗೆದುಕೊಳ್ಳಕೂಡದು.

ಮಸೂದೆಯನ್ನು ಮಂಡಿಸಿ ಅವರು ಸುಮ್ಮನೆ ಕೂರಲಿಲ್ಲ. ಒಂದು ವರ್ಷ ಕಾಲ ದೇಶದ ಸಭೆಗಳು, ಸಂಘಗಳು, ಪುರಸಭೆಗಳು ಅದನ್ನು ಚರ್ಚಿಸಿ ಅಭಿಪ್ರಾಯಗಳನ್ನು ಕಳುಹಿಸುವಂತಾಯಿತು. ಮುಖತ್ಯಾರನಾಮೆಯ ಹಳೆಯ ಸಭೆಯಲ್ಲಿ ಕಲಿತ ವಿದ್ಯೆಯು ಇಲ್ಲಿ ಉಪಯೋಗಕ್ಕೆ ಬಂದಿತು. ಆದರೆ ಪ್ರಾಂತ ಸರಕಾರಗಳು ಒಪ್ಪಲಿಲ್ಲ. ಸಭೆಯಲ್ಲಿಯ ಜಮೀನುದಾರರೂ ಒಪ್ಪಲಿಲ್ಲ. ಕೂಲಿಯವನ ಮಗನು ಓದಿದರೆ ದನ ಕಾಯುವವರಾರು ಎಂಬ ಭೀತಿಯು ವಿದ್ಯಾವಂತರ ಬಾಯಲ್ಲಿ ನಾನಾ ವೇಷಗಳನ್ನು ತಳೆಯಿತು. ಮಾಲವೀಯ, ಜಿನ್ನಾ, ಮಜಹರುಲ್ ಹಕ್ ಮೊದಲಾದವರು ಗೋಖಲೆಯವರ ಬೆಂಬಲಕ್ಕೆ ನಿಂತರು. 1912ರ ಮಾರ್ಚ್ 19ರಂದು ಮತವೆಣಿಸಿದಾಗ ಪರವಾಗಿ 13, ವಿರುದ್ಧವಾಗಿ 38. ಸೋಲನ್ನು ಅವರು ಮೊದಲೇ ಕಂಡಿದ್ದರು. ತಮ್ಮ ತಲೆಮಾರಿನವರ ಪಾಲಿಗೆ ಸೋಲುಗಳ ಮೂಲಕವೇ ಸೇವೆ ಸಲ್ಲಿಸುವುದು ಬಂದಿದೆಯೆಂದು ತಿಳಿದು ಕೆಲಸಕ್ಕೆ ಮರಳಿದರು.

ಸೋತ ಮಸೂದೆಯು ಸಾಯಲಿಲ್ಲ. 1913ರಲ್ಲಿ ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ಶಾಸನವನ್ನು ಮಾಡಿತು. 1918ರಲ್ಲಿ ವಿಠ್ಠಲಭಾಯಿ ಪಟೇಲರು ಮುಂಬಯಿ ಶಾಸನಸಭೆಯಲ್ಲಿ ಪುರಸಭೆಗಳಿಗೆ ಅಂತಹದೇ ಅಧಿಕಾರವನ್ನು ಕೊಡುವ ಕಾನೂನನ್ನು ಗೆಲ್ಲಿಸಿಕೊಂಡರು. ಮಿಕ್ಕ ಪ್ರಾಂತಗಳು ಹಿಂಬಾಲಿಸಿದವು. ಮಗುವಿನ ಶಿಕ್ಷಣವು ಮೂಲಭೂತ ಹಕ್ಕೆಂದು ಸಂವಿಧಾನದಲ್ಲಿ ಸೇರಿದುದು 2002ರ ತಿದ್ದುಪಡಿಯಿಂದ. ಅದರ ಕಾನೂನು ಜಾರಿಗೆ ಬಂದುದು 2010ರ ಏಪ್ರಿಲ್ 1ರಂದು. ನಡುವೆ ಕಳೆದುದು ತೊಂಬತ್ತೆಂಟು ವರ್ಷ. ಅಷ್ಟರಲ್ಲಿ ಅಕ್ಷರವಿಲ್ಲದೆ ಮುಗಿದುಹೋದ ಬಾಳುಗಳನ್ನು ಯಾವ ಲೆಕ್ಕದಲ್ಲಿ ಬರೆಯಬೇಕೋ ತಿಳಿಯದು.

ದಕ್ಷಿಣ ಆಫ್ರಿಕೆಯ ಭಾರತೀಯರಿಗಾಗಿ ಅವರು ಮಾಡಿದುದನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. 1910ರಲ್ಲಿ ಅವರ ಠರಾವನ್ನು ಸರಕಾರವು ಒಪ್ಪಿದುದರಿಂದ ನೇಟಾಲಿಗೆ ಕರಾರು ಕೂಲಿಗಳನ್ನು ಕಳುಹಿಸುವುದು 1911ರ ಜುಲೈಯಲ್ಲಿ ನಿಂತಿತು. 1912ರ ಕೊನೆಯಲ್ಲಿ ಸ್ವತಃ ಅಲ್ಲಿಗೆ ಹೋಗಿ ಗಾಂಧೀಜಿಯವರೊಡನೆ ಊರೂರು ಸಂಚರಿಸಿದರು. ಮರುವರ್ಷ ಅಲ್ಲಿ ಮುಷ್ಕರವಾದಾಗ ರೋಗದಿಂದ ಹಾಸಿಗೆ ಹಿಡಿಯಬೇಕಾದ ದೇಹವನ್ನು ಹೊತ್ತು ನಿಧಿಯನ್ನು ಕೂಡಿಸಿದರು. ಮಧುಮೇಹವೂ ಹೃದಯದ ಬೇನೆಯೂ ಅವರನ್ನು ಒಳಗಿನಿಂದ ತಿನ್ನುತ್ತಿದ್ದವು. 1914ರಲ್ಲಿ ಸರಕಾರವು ಕೊಡಬಯಸಿದ ಸರ್ ಪದವಿಯನ್ನು ಬೇಡವೆಂದರು. 1915ರ ಫೆಬ್ರವರಿ 19ರಂದು, ತಮ್ಮ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಪುಣೆಯಲ್ಲಿ ದೇಹಬಿಟ್ಟರು. ಜೀವಮಾನವೆಲ್ಲ ಎದುರಾಳಿಯಾಗಿದ್ದ ತಿಲಕರು ಸಿಂಹಗಡದಿಂದ ಇಳಿದು ಬಂದು ಸ್ಮಶಾನದಲ್ಲಿ ಅವರ ಗುಣಗಾನ ಮಾಡಿದರು. ಗಾಂಧೀಜಿಯವರು ಸಮಾಜಕ್ಕೆ ಸೇರಬೇಕೆಂದಿದ್ದರು. ಸದಸ್ಯರಲ್ಲಿ ಒಮ್ಮತವಿಲ್ಲದುದನ್ನು ಕಂಡು ತಾವಾಗಿಯೇ ಹಿಂದೆ ಸರಿದರು.

ಅವರು ಬಿಟ್ಟುಹೋದ ಸಣ್ಣ ಸಮಾಜದಿಂದ ಹೊರಟ ಕೆಲಸವು ಸಣ್ಣದಾಗಿರಲಿಲ್ಲ. ದೇವಧರರು ರಮಾಬಾಯಿ ರಾನಡೆಯವರೊಡನೆ 1909ರಲ್ಲಿ ಪುಣೆಯ ಸೇವಾಸದನವನ್ನು ಕಟ್ಟಿದರು. ನಾರಾಯಣ ಮಲ್ಹಾರ ಜೋಶಿಯವರು ಮುಂಬಯಿಯ ಕಾರ್ಮಿಕರ ಕೇರಿಗಳಲ್ಲಿ ದುಡಿದು, 1920ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರಾದರು. ಕೇಂದ್ರ ಶಾಸನಸಭೆಯಲ್ಲಿ ಕೂಲಿಕಾರರ ಕಾನೂನುಗಳಿಗಾಗಿ ಹೋರಾಡಿದರು. ಠಕ್ಕರ್ ಬಾಪಾ ಅವರು 1922ರಲ್ಲಿ ಭಿಲ್ಲರ ಸೇವೆಗೆ ಮಂಡಳವನ್ನು ಸ್ಥಾಪಿಸಿ, ಮುಂದೆ ಸಂವಿಧಾನ ಸಭೆಯಲ್ಲಿ ಆದಿವಾಸಿ ಪ್ರದೇಶಗಳ ಉಪಸಮಿತಿಗೆ ಅಧ್ಯಕ್ಷರಾದರು. ಬೆಂಗಳೂರಿನಲ್ಲಿ ಗೋಖಲೆಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದ ಡಿ.ವಿ. ಗುಂಡಪ್ಪನವರು 1945ರಲ್ಲಿ ಅವರ ಹೆಸರಿನ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ತೆರೆದರು. ಇನ್ನು ಹೃದಯನಾಥ ಕುಂಜರೂ ಅವರ ಹೆಸರನ್ನು ನಮ್ಮ ನಾಡಿನವರು ಅರಿತಿರಬೇಕು. 1936ರಿಂದ ಭಾರತ ಸೇವಕ ಸಮಾಜದ ಅಧ್ಯಕ್ಷರಾಗಿದ್ದ ಅವರು, 1953ರಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರು ಸದಸ್ಯರಲ್ಲಿ ಒಬ್ಬರು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರುಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರನ್ನು ಒಂದು ರಾಜ್ಯದಲ್ಲಿ ಕೂಡಿಸಬೇಕೆಂಬ 1955ರ ಶಿಫಾರಸಿನ ಕೆಳಗೆ ಫಜಲ್ ಅಲಿ ಮತ್ತು ಪಣಿಕ್ಕರರ ಸಹಿಗಳ ಜೊತೆಗೆ ಗೋಖಲೆಯವರ ಈ ಶಿಷ್ಯಪರಂಪರೆಯವರ ಸಹಿಯೂ ಇದೆ. ಮರುವರ್ಷ ನವೆಂಬರ್ 1ರಂದು ಆ ರಾಜ್ಯವು ಉದಯವಾಯಿತು.